ಅಕಿ ಬ್ಯಾಡ ಅಂದಾಳ

ಮದುವೆಗೆ ಮೊದಲು ನನ್ನ ಗಂಡನನ್ನು ನಾನು ‘ಲೇ’ ಅಂತ ಕರೆಯುತ್ತಿದ್ದೆ. ಅವನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದ. ಜಮಖಂಡಿಯಲ್ಲಿ ಒಬ್ಬರೇ ಸರ್ ಕೈಕೆಳಗೆ ಸೈಕಲ್ ರೇಸ್ ಕಲಿತವರು ನಾವು. ಬೆವರು, ಧೂಳು, ತರಚಿದ ಮೊಣಕಾಲುಗಳ ನಡುವೆ ಒಬ್ಬರನ್ನೊಬ್ಬರು ಕಂಡವರಿಗೆ ‘ರೀ’ ಅನ್ನುವುದು ಬಾಯಿಗೆ ಬರುವುದಿಲ್ಲ. ಅಕ್ಷತೆ ಬಿದ್ದ ದಿನ ಅವ್ವ ನನ್ನನ್ನು ಪಕ್ಕಕ್ಕೆ ಕರೆದು, “ಇನ್ನ ಮ್ಯಾಲೆ ಲೇ-ಗೀ ಅಂದಿ ಅಂದ್ರ ನೋಡು ಮತ್ತ” ಎಂದು ತಾಕೀತು ಮಾಡಿದಳು. ಅಂದಿನಿಂದ ಅವನು ‘ರೀ’ ಆದ. ನಾಲಿಗೆ ಹೊಂದಿಕೊಳ್ಳಲು ತಿಂಗಳುಗಳೇ ಹಿಡಿದವು. ಎಷ್ಟೋ ಸಲ ‘ಲೇ’ ಅಂತ ಶುರು ಮಾಡಿ, ಅರ್ಧಕ್ಕೆ ನುಂಗಿ, ಇಬ್ಬರೂ ಗೋಡೆಯ ಕಡೆ ತಿರುಗಿ ನಗುತ್ತಿದ್ದೆವು.

ನಮ್ಮ ಕಡೆ ಹುಡುಗಿಯರು ರೇಸ್ ಸೈಕಲ್ ಹೊಡೆಯುವುದು ಯಾರಿಗೂ ವಿಚಿತ್ರವಲ್ಲ. ನಸುಕಿನಲ್ಲಿ ಹಾಲಿನ ಗಾಡಿಗಳ ಜೊತೆಗೆ ಹೆಲ್ಮೆಟ್ ಹಾಕಿದ ಹುಡುಗ ಹುಡುಗಿಯರ ಸಾಲು ರಸ್ತೆಗೆ ಬಂದರೆ, ಚಹಾದಂಗಡಿಯವರು ಒಂದು ಸಲ ತಲೆಯೆತ್ತಿ ನೋಡಿ ಮತ್ತೆ ಚಹಾ ಸೋಸುವುದರಲ್ಲಿ ತೊಡಗುತ್ತಾರೆ. ನಮ್ಮದು ಹುನ್ನೂರಿನ ಒಕ್ಕಲುತನದ ಮನೆ. ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕಿನ ಆಟೋಟಕ್ಕೆ ಅಣ್ಣನ ಸಾದಾ ಸೈಕಲ್ ತೆಗೆದುಕೊಂಡು ಹೋಗಿ, ಗೇರ್ ಇದ್ದ ಸೈಕಲ್ಲಿನವರ ಬೆನ್ನು ಬಿಡದೆ ಬಂದಿದ್ದೆ. ಅಲ್ಲಿದ್ದ ಸರ್ ಅಪ್ಪನನ್ನು ಹುಡುಕಿಕೊಂಡು ನಮ್ಮ ಹೊಲಕ್ಕೇ ಬಂದರು. “ಈ ಹುಡಗಿ ಕಾಲಾಗ ಏನೋ ಐತ್ರಿ, ಗೌಡ್ರ. ನನ್ನ ಕಡೆ ಕಳಸ್ರಿ” ಅಂದರು. ಅಪ್ಪ ಕಬ್ಬಿಗೆ ನೀರು ತಿರುಗಿಸುತ್ತಿದ್ದವನು ಸಲಿಕೆ ನೆಲಕ್ಕೂರಿ, ನನ್ನ ಕಾಲುಗಳನ್ನು ಮೊದಲ ಸಲ ನೋಡಿದವನಂತೆ ನೋಡಿದ. ಆಮೇಲೆ ಹೂಂ ಅಂದ.

ಸರ್ ಕಟ್ಟುನಿಟ್ಟಿನ ಮನುಷ್ಯ. ದೊಡ್ಡ ಗಾಡಿಗಳ ಹಿಂದೆ ಅಂಟಿಕೊಂಡು ಹೋಗಬಾರದು ಎಂಬುದು ಅವರ ಮೊದಲ ಕಟ್ಟಳೆ. ನಾವು ಮೊದಲು ಮುರಿದದ್ದೂ ಅದನ್ನೇ. ನಾವು ಅಂದರೆ ಮೂವರು: ನಾನು, ಮುಂದೆ ನನ್ನ ಗಂಡನಾದ ಅವನು, ಮತ್ತು ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು. ಮಗ್ಗದ ಸದ್ದಿನಲ್ಲಿ ಬೆಳೆದ ಅವಳಿಗೆ ಸಣ್ಣಗೆ ಮಾತಾಡಿ ಗೊತ್ತಿರಲಿಲ್ಲ. ರಸ್ತೆಯ ಆ ಬದಿಯಲ್ಲಿ ಪಿಸುಗುಟ್ಟಿದರೂ ಈ ಬದಿಗೆ ಕೇಳುತ್ತಿತ್ತು. ನನಗೆ ಅವಳಿಗಿಂತ ಹತ್ತಿರದವರು ಯಾರೂ ಇರಲಿಲ್ಲ. ಒಂದೇ ಡಬ್ಬಿಯ ರೊಟ್ಟಿ, ಒಂದೇ ಬಾಟಲಿಯ ನೀರು.

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸುರಿದು ಖಾಲಿ ಮರಳುವ ಟ್ರ್ಯಾಕ್ಟರುಗಳು ಹುಚ್ಚು ಹಿಡಿದಂತೆ ಓಡುತ್ತವೆ. ಹಿಂದೆ ಎರಡು ಟ್ರಾಲಿ, ಮುಂದೆ ಕಿವಿ ಹರಿಯುವ ಹಾಡು. ಆ ಹಿಂದಿನ ಟ್ರಾಲಿಗೆ ಒಂದು ಮೊಳ ದೂರದಲ್ಲಿ ಸೈಕಲ್ಲಿನ ಮುಂಗಾಲಿ ಇಟ್ಟುಕೊಂಡರೆ ಗಾಳಿ ಎದೆಗೆ ಬಡಿಯುವುದಿಲ್ಲ. ಯಾರೋ ಎಳೆದುಕೊಂಡು ಹೋದ ಹಾಗೆ ಕಾಲು ತಾನೇ ತಿರುಗುತ್ತದೆ. ಮುಂದೆ ತುಕ್ಕು ಹಿಡಿದ ತಗಡು ಬಿಟ್ಟರೆ ಏನೂ ಕಾಣುವುದಿಲ್ಲ. ಆ ಕಾಣದಿರುವುದೇ ನಮಗೆ ಬೇಕಾದದ್ದು. ಅವನು ಒಂದು ಕೈ ಬಿಟ್ಟು ಟ್ರಾಲಿಯ ಕೊಂಡಿ ಮುಟ್ಟಿ ನನ್ನತ್ತ ತಿರುಗಿ ಹಲ್ಲು ಕಿರಿಯುತ್ತಿದ್ದ. ನಾನು ಅವನಿಗಿಂತ ಮುಂದೆ ಹೋಗಿ, ಎರಡೂ ಕೈ ಬಿಟ್ಟು ತೋರಿಸುತ್ತಿದ್ದೆ. ಗೆಳತಿ ಹಿಂದಿನಿಂದ, “ಸಾಯ್ತೀರಲೇ ಇಬ್ರೂ!” ಎಂದು ಕೂಗುತ್ತಲೇ ತಾನೂ ಹತ್ತಿರ ಬರುತ್ತಿದ್ದಳು.

ಒಂದು ಬೆಳಗ್ಗೆ ಮುಧೋಳದ ದಾರಿಯಲ್ಲಿ ಎಮ್ಮೆ ಅಡ್ಡ ಬಂದು ಟ್ರ್ಯಾಕ್ಟರಿನವನು ಗಕ್ಕನೆ ನಿಲ್ಲಿಸಿದ. ನನ್ನ ಹ್ಯಾಂಡಲ್ ಕಬ್ಬಿಣಕ್ಕೆ ಬಡಿಯಿತು. ನಾನು ಪಕ್ಕದ ಮುಳ್ಳುಕಂಟಿಯ ಮೇಲೆ ಬಿದ್ದೆ. ಬಲಕ್ಕೆ ಬಿದ್ದಿದ್ದರೆ ಎದುರಿಗೆ ಬರುತ್ತಿದ್ದ ಬಸ್ಸಿನ ಗಾಲಿಯಡಿ ಇರುತ್ತಿದ್ದೆ. ಎಡ ಮೊಣಕೈ ಮುರಿದಿತ್ತು. ಸರ್ ದವಾಖಾನೆಗೆ ಬಂದು ಏನಾಯಿತು ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವನು, “ನಾಯಿ ಅಡ್ಡ ಬಂತ್ರಿ ಸರ್. ಕರೀ ನಾಯಿ. ಬ್ರೇಕ್ ಹಿಡಿಯಾಕ ಟೈಮ್ ಸಿಗಲಿಲ್ಲ” ಅಂದ. ಕರೀ ನಾಯಿ ಎಂದು ಬಣ್ಣವನ್ನೂ ಸೇರಿಸಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನೋವಿನಲ್ಲೂ ನನಗೆ ನಗು ಬಂತು. ನನ್ನ ಸಲುವಾಗಿ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲವನ ಮೇಲೆ ಮನಸ್ಸಾದದ್ದು ಆ ದಿನವೇ ಇರಬೇಕು.

ಅವನು ಮುಂದೆ ರೇಸ್ ಬಿಟ್ಟು, ಮುಧೋಳದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮಾಸ್ತರನಾದ. ತಂದೆ ಇರಲಿಲ್ಲ, ತಾಯಿಯೊಬ್ಬರೇ. ಎರಡೂ ಮನೆಯವರಿಗೆ ಒಪ್ಪಿಗೆಯಾಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಮಾತುಕತೆಯ ದಿನ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಅಪ್ಪ ಒಂದೇ ಒಂದು ಮಾತು ಕೇಳಿದ: “ಅಕಿ ಸೈಕಲ್?”

“ಲಗ್ನ ಆದ ಮ್ಯಾಲೂ ಹೊಡೀತಾಳ್ರಿ ಮಾವ. ಹಿಂದಿನ ಸಲ ರಾಜ್ಯ ತಂಡಕ್ಕ ಸ್ವಲ್ಪದಾಗ ತಪ್ಪೇತಿ. ಅದು ಆಗೂತನ ನಾ ಬಿಡಸಂಗಿಲ್ಲ” ಎಂದು ಅವನು ಎಲ್ಲರೆದುರು ಹೇಳಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

ಒಂದು ವರ್ಷ ಅವನ ಮಾತಿನಂತೆಯೇ ನಡೆಯಿತು. ಮುಧೋಳದಿಂದ ನಸುಕಿನಲ್ಲಿ ಹೊರಟು ಜಮಖಂಡಿಗೆ ಹೋಗಿ ಸರ್ ಗುಂಪನ್ನು ಸೇರುತ್ತಿದ್ದೆ. ಅಲ್ಲಿಂದ ಸಾವಳಗಿಯತನಕ, ಕೆಲವು ದಿನ ಹಿಪ್ಪರಗಿ ಬ್ಯಾರೇಜಿನತನಕ. ಆಮೇಲೆ ಬಸುರಾದೆ. ಬೇಕೆಂದು ಆದದ್ದಲ್ಲ, ಬೇಡವೆಂದೂ ಅನ್ನಿಸಲಿಲ್ಲ. ಸರ್‌ಗೆ ನಾಚಿಕೊಳ್ಳುತ್ತಲೇ ಹೇಳಿದಾಗ ಅವರು, “ಆತು ಬಿಡವ್ವ, ಒಂದು ವರ್ಷ. ಹಡದ ಮ್ಯಾಲೆ ಹೊಳ್ಳಿ ಬಾ. ನಿನ್ನ ಜಾಗ ಇಟ್ಟಿರ್ತೇನಿ” ಅಂದರು. ಗೆಳತಿ ನನ್ನ ಹೊಟ್ಟೆ ಮುಟ್ಟಿ ಮುಟ್ಟಿ ನಗುತ್ತಿದ್ದಳು. “ಇದನ್ನೂ ಟ್ರಾಲಿ ಹಿಂದ ಬಿಡೂಣಲೇ” ಅಂದಳು.

ಸೀಮಂತದ ಕುಬಸ ಮಾಡಿಕೊಂಡು ತವರಿಗೆ ಬಂದೆ. ಜಮಖಂಡಿಯ ದವಾಖಾನೆಯಲ್ಲಿ ಹೆರಿಗೆ. ನೋವು ಬೇಗ ಬಂದು ನಿಧಾನವಾಗಿ ಮುಗಿಯಿತು. ಮಗಳು ಹುಟ್ಟಿದಾಗ ಅತ್ತದ್ದು ತಡ. ನರ್ಸ್ ಅವಳನ್ನು ತಲೆಕೆಳಗೆ ಹಿಡಿದು ತಟ್ಟಿದ್ದು ನನಗೆ ಮಂಜು ಮಂಜಾಗಿ ಕಂಡಿತ್ತು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದು ಅವನ ಕೈಗೆ ಕೊಟ್ಟರು. ಒಳಗೆ ಬಂದಾಗ ಅವನ ತುಟಿ ಒಣಗಿತ್ತು. “ಎಷ್ಟ ಹಗೂರ ಐತ್ಲೇ” ಎಂದ, ‘ಲೇ’ ಅಂದದ್ದು ಅವನಿಗೇ ಗೊತ್ತಾಗಲಿಲ್ಲ. ನನಗೆ ಆ ಮುಖ ಹೊಸದು. ಖುಷಿ ಎಂದುಕೊಂಡೆ.

ಹುನ್ನೂರಿನ ಬಾಣಂತಿ ಕೋಣೆ ಬಲು ಬಿಗಿ. ಕಿವಿಗೆ ಅರಳೆ, ತಲೆಗೆ ಸ್ಕಾರ್ಫ್, ಹೊರಸಿನ ಕೆಳಗೆ ಕೆಂಡದ ಬುಟ್ಟಿ. ಊಟಕ್ಕೆ ಸಜ್ಜಕ, ತುಪ್ಪ, ಅಂಟಿನುಂಡಿ. ಮೊಬೈಲ್ ಮುಟ್ಟುವ ಹಾಗಿರಲಿಲ್ಲ. “ಹಸಿ ಬಾಣಂತಿ ಫೋನ್ ನೋಡಿದ್ರ ಕಣ್ಣ ಹೋಗ್ತಾವ” ಎಂದು ಅವ್ವ ಅದನ್ನು ನನ್ನ ಗಂಡನ ಕೈಗೇ ಕೊಟ್ಟು ಕಳಿಸಿದ್ದಳು. ನನಗೂ ಅದು ಬೇಕೆನಿಸಿರಲಿಲ್ಲ. ಕೂಸಿನ ಉಸಿರು ಕೇಳುತ್ತಾ ಕೂರುವುದೇ ಒಂದು ಕೆಲಸ. ಉಸಿರಿನ ಸದ್ದು ಒಂದು ಕ್ಷಣ ನಿಂತಂತಾದರೆ ನನ್ನದೂ ನಿಲ್ಲುತ್ತಿತ್ತು. ಬೀದಿಯಲ್ಲಿ ಟ್ರ್ಯಾಕ್ಟರ್ ಹೋದರೆ ಅವಳನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. ನನ್ನೊಳಗೆ ಏನೋ ಬದಲಾಗಿದೆ ಎಂದು ಗೊತ್ತಾಗುತ್ತಿತ್ತು. ಹಾಲಿಳಿದು ಮೈ ಹಗುರಾದ ಮೇಲೆ ಹಳೆಯವಳು ತಾನೇ ಮರಳಿ ಬರುತ್ತಾಳೆ ಎಂದುಕೊಂಡು ಸುಮ್ಮನಿದ್ದೆ.

ತೊಟ್ಟಿಲ ದಿನ ಗೆಳತಿ ಬಂದಿದ್ದಳು. ತಮ್ಮ ಮನೆಯ ಮಗ್ಗದಲ್ಲಿ ನೇಯ್ದ ಬಟ್ಟೆಯಿಂದ ಕೂಸಿಗೆ ತೊಡಿಸುವ ಜಬಲಾ ತಂದಿದ್ದಳು. ಕೂಸನ್ನು ಎತ್ತಿಕೊಂಡಳು, ಮುತ್ತು ಕೊಟ್ಟಳು. ಆದರೆ ಮಾತು ಕಡಿಮೆ. ಮೆಲ್ಲಗೆ ಮಾತಾಡಿದಳು ಕೂಡ. ಬಾಣಂತಿ ಕೋಣೆಯ ಮರ್ಯಾದೆಗೆ ದನಿ ಇಳಿಸಿದ್ದಾಳೆ ಎಂದುಕೊಂಡೆ. “ರಾಜ್ಯ ತಂಡದ ಶಿಬಿರ ಯಾವಾಗಂತ?” ಎಂದು ಕೇಳಿದ್ದಕ್ಕೆ, “ಗೊತ್ತಿಲ್ಲ, ಸರ್ ಹೇಳಿಲ್ಲ” ಎಂದು ಜಬಲಾದ ಗುಂಡಿ ಹಾಕುವುದರಲ್ಲಿ ತೊಡಗಿದಳು.

ಕೂಸು ಕವುಚಿಕೊಳ್ಳುವ ಹೊತ್ತಿಗೆ ಮುಧೋಳಕ್ಕೆ ಮರಳಿದೆ. ಫೋನ್ ಕೈಗೆ ಬಂತು. ಸರ್ ಅವರಿಂದ ಏನಾದರೂ ಬಂದಿತ್ತೇ ಎಂದು ಗಂಡನನ್ನು ಕೇಳಿದೆ. ಅವನು ಕೂಸಿನ ಅಂಗಾಲಿಗೆ ಎಣ್ಣೆ ಹಚ್ಚುತ್ತಿದ್ದ. “ಇಲ್ಲ. ಈಗ ಹೊಸಾ ಹುಡುಗ್ಯಾರು ಬಂದಾರ. ಸರ್‌ಗೆ ಹಳಬರ ನೆನಪ ಎಲ್ಲಿಂದ?” ಅಂದ. ನಾನೇ ಫೋನ್ ಮಾಡಬಹುದಿತ್ತು. ಮರೆತವರನ್ನು ಮೇಲೆ ಬಿದ್ದು ನೆನಪಿಸಲು ಮನಸ್ಸು ಒಪ್ಪಲಿಲ್ಲ. ನಾನಾಗಿಯೇ ಬೆಳಗ್ಗೆ ಸ್ವಲ್ಪ ದೂರ ಹೊಡೆದು ಬರುತ್ತೇನೆ ಎಂದಾಗ ಅವನು ದನಿ ಇಳಿಸಿ, ಅಡುಗೆಮನೆಯ ಕಡೆ ಕಣ್ಣು ತೋರಿಸಿದ.

“ಅವ್ವಗ ಸೇರೂದಿಲ್ಲ. ಕೂಸಿನ್ನ ಬಿಟ್ಟು ರಸ್ತೆದಾಗ ತಿರಗತಾಳ ಅಂತ ಅನ್ನಾಕತ್ತಾಳ. ಒಂದ ವರ್ಷ ತಡಿ. ನಾ ಹೇಳಿ ಒಪ್ಪಸ್ತೇನಿ.”

ನಾನು ತಡೆದೆ. ಅತ್ತೆಯ ಮೇಲೆ ಒಳಗೊಳಗೇ ಸಿಟ್ಟು ಬೆಳೆಯಿತು. ಅವರು ನನ್ನೆದುರು ಎಂದೂ ಸೈಕಲ್ಲಿನ ಸುದ್ದಿ ಎತ್ತಿರಲಿಲ್ಲ. ಎದುರಿಗೆ ಸಿಹಿಯಾಗಿದ್ದು ಹಿಂದೆ ಮಾತಾಡುತ್ತಾರೆ ಎಂದುಕೊಂಡೆ. ಅವರು ಹಾಲು ಕಾಸಿ ತಂದಿಟ್ಟರೆ ಆರಿ ಕೆನೆ ಕಟ್ಟುವವರೆಗೆ ಮುಟ್ಟುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ಅವರು ಒಮ್ಮೆ, “ಮೈಯಾಗ ಆರಾಮಿಲ್ಲೇನ್ ತಂಗಿ?” ಎಂದು ಹಣೆ ಮುಟ್ಟಲು ಬಂದಾಗ ಮುಖ ಸರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಗಂಡ ಮಾತ್ರ ಬೇರೆಯೇ ಮನುಷ್ಯನಾಗಿದ್ದ. ಬೈಕಿನಲ್ಲಿ ನಮ್ಮಿಬ್ಬರನ್ನು ಕೂರಿಸಿಕೊಂಡು ಹೊರಟರೆ ಎತ್ತಿನ ಗಾಡಿಯವರೂ ಹಿಂದೆ ಹಾಕುವಷ್ಟು ನಿಧಾನ. ತಿರುವು ಬರುವ ಮುಂಚೆಯೇ ಹಾರ್ನ್. ಮಗಳಿಗೆ ಸ್ನಾನ ಮಾಡಿಸುವುದು, ಅವಳ ಉಗುರು ಕತ್ತರಿಸುವುದು, ಮಲಗಿಸುವುದು ಎಲ್ಲ ತಾನೇ ಮಾಡುತ್ತಿದ್ದ. ಓಣಿಯ ಹೆಂಗಸರು, “ಎಂಥ ಗಂಡನ್ನ ಪಡಕೊಂಡೀಯವಾ” ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಒಬ್ಬರ ಹುಚ್ಚು ಒಬ್ಬರಿಗೆ ಗೊತ್ತಿದ್ದವರು ಜೊತೆಯಾಗಿ ದೊಡ್ಡವರಾಗುತ್ತಿದ್ದೇವೆ ಎಂದುಕೊಂಡಿದ್ದೆ.

ಮಗಳು ಗೋಡೆ ಹಿಡಿದು ನಿಲ್ಲುತ್ತಿದ್ದ ದಿನಗಳಲ್ಲಿ ಗೆಳತಿಯ ಫೋಟೋ ಪೇಪರಿನಲ್ಲಿ ಬಂತು. ರಾಜ್ಯದ ತಂಡದಲ್ಲಿ ಹೊರಗೆ ಹೋಗಿ ಪದಕ ತಂದಿದ್ದಳು. ಬನಹಟ್ಟಿಯಲ್ಲಿ ಅವರ ಓಣಿಯವರು ಸತ್ಕಾರ ಇಟ್ಟುಕೊಂಡಿದ್ದರು. ಅವಳು ನನಗೆ ಹೇಳಿರಲಿಲ್ಲ. ಆದರೂ ನಾನು ಹೋಗಲೇಬೇಕೆಂದೆ. ಗಂಡ, “ಕೂಸಿಗೆ ಬಿಸಲ ಆಗ್ತೈತಿ” ಎಂದು ನೋಡಿದ, “ಮುಂದ ಹೋಗೂಣು” ಎಂದು ನೋಡಿದ. ಕೊನೆಗೆ ಬಂದ.

ಮಗ್ಗಗಳನ್ನು ಆ ಹೊತ್ತಿನಮಟ್ಟಿಗೆ ನಿಲ್ಲಿಸಿದ್ದರಿಂದ ಓಣಿ ಅಪರೂಪಕ್ಕೆ ಶಾಂತವಾಗಿತ್ತು. ಗೆಳತಿಯ ಕೊರಳಲ್ಲಿ ಹಾರ, ಹಣೆಯಲ್ಲಿ ಭಂಡಾರ. ನನ್ನನ್ನು ಕಂಡು ಅವಳ ಮುಖ ಒಮ್ಮೆ ಅರಳಿ ಮತ್ತೆ ಮುಚ್ಚಿತು. ಅಪ್ಪಿಕೊಂಡೆ. ಪಕ್ಕದಲ್ಲೇ ಸರ್ ಇದ್ದರು. ನಾನು ಕಾಲು ಮುಟ್ಟಲು ಬಗ್ಗಿದಾಗ ಎತ್ತಿ ನಿಲ್ಲಿಸಿ, ಮಗಳ ಗಲ್ಲ ಸವರಿ ಹೇಳಿದರು:

“ನೀ ಬ್ಯಾಡ ಅಂದಾಗ ನನಗ ಭಾಳ ಬ್ಯಾಸರಾಗಿತ್ತವಾ. ಆದ್ರ ಈ ಮಾರಿ ನೋಡಿದ್ರ, ನೀ ಮಾಡಿದ್ದ ಖರೆ ಅನಸ್ತೈತಿ. ತಾಯಿಗೆ ಹೆಂಗ ಒತ್ತಾಯ ಮಾಡೂದು?”

ನನಗೆ ತಿಳಿಯಲಿಲ್ಲ. “ನಾ ಯಾವಾಗ ಬ್ಯಾಡ ಅಂದೇನ್ರಿ ಸರ್?”

ಅವರು ನಗುತ್ತಲೇ ನನ್ನ ಗಂಡನ ಕಡೆ ನೋಡಿದರು. “ಶಿಬಿರಕ್ಕ ಹೆಸರ ಕೊಡಬೇಕಾಗಿತ್ತಲ್ಲ, ಆವಾಗ. ನಿನ್ನ ಫೋನಿಗೆ ಹಚ್ಚಿದ್ನಿ. ಇಂವ ಎತ್ತಿದ. ‘ಅಕಿ ಬ್ಯಾಡ ಅಂದಾಳ್ರಿ ಸರ್, ಇನ್ನ ಸೈಕಲ್ ಮುಟ್ಟಂಗಿಲ್ಲ ಅಂತ ಕೂಸಿನ ಮ್ಯಾಲೆ ಆಣಿ ಹಾಕ್ಯಾಳ’ ಅಂದ. ಆಣಿ ಹಾಕಿದ ಮ್ಯಾಲೆ ನಾ ಏನ ಮಾತಾಡ್ಲಿ? ನಿನ್ನ ಜಾಗಕ್ಕ ಇಕಿನ್ನ ಕಳಿಸಿದ್ನಿ.”

ಆಣೆಯನ್ನೂ ಸೇರಿಸಿದ್ದ.

ಗಂಡ ಮಗಳ ಟೊಪ್ಪಿಗೆಯ ದಾರ ಬಿಗಿಮಾಡುತ್ತಿದ್ದ. ಅದು ಸಡಿಲವಾಗಿರಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ದವಾಖಾನೆಯಲ್ಲಿ ನನ್ನ ಹೊರಸಿನ ಪಕ್ಕ ನಿಂತು ಕರೀ ನಾಯಿಯ ಕಥೆ ಕಟ್ಟಿದ ಮುಖವೇ ಅದು. ಅಂದು ಅದನ್ನು ಕಂಡು ಮೆಚ್ಚಿದವಳು ನಾನು. ಗೆಳತಿಯ ಕಡೆ ತಿರುಗಿದೆ. ಅವಳು ಕೊರಳಿನ ಹಾರ ನೋಡಿಕೊಳ್ಳುತ್ತಿದ್ದಳು. ಅವಳಿಗೂ ಗೊತ್ತಿತ್ತೆಂದು ಆಗ ತಿಳಿಯಿತು. ಅದು ಸುಳ್ಳೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ತೊಟ್ಟಿಲ ದಿನ ಶಿಬಿರ ಯಾವಾಗ ಎಂದು ನಾನು ಬಾಯಿಬಿಟ್ಟು ಕೇಳಿದ್ದೆನಲ್ಲ.

ಗಂಡ ಸುಳ್ಳನೆಂದು ಅಷ್ಟು ಜನರ ನಡುವೆ ಹೇಳಲು ನಾಲಿಗೆ ಏಳಲಿಲ್ಲ. ಅಲ್ಲಿಯೂ ಅವನ ಮಾನವನ್ನೇ ಕಾಯ್ದೆ. ಅದಕ್ಕೂ ನನಗೆ ಸಿಟ್ಟಿದೆ.

ಬೈಕಿನಲ್ಲಿ ಮುಧೋಳಕ್ಕೆ ಮರಳಿದೆವು. ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಒಂದು ಸುಳ್ಳು ಗೊತ್ತಾದ ಮೇಲೆ ಮನಸ್ಸು ಸುಮ್ಮನಿರುವುದಿಲ್ಲ, ಪಕ್ಕದ ಗೋಡೆಯನ್ನೂ ತಟ್ಟಿ ನೋಡುತ್ತದೆ. ಅವನು ಬೈಕ್ ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಕೇಳಿಬಿಟ್ಟೆ.

“ಅತ್ತಿ, ನಾ ಸೈಕಲ್ ಹೊಡಿಯೂದು ನಿಮಗ ಸೇರೂದಿಲ್ಲೇನ್ರಿ?”

ಅತ್ತೆ ಮೊರ ಕೆಳಗಿಟ್ಟರು. “ನಾ ಯಾವಾಗ ಅಂದೆನವಾ? ನೀನ ಬಿಟ್ಟಿ ಅಂತ ಇಂವ ಹೇಳಿದ. ಹಡದ ಮ್ಯಾಲೆ ಅಕಿಗೆ ಮನಸಿಲ್ಲ, ಆ ಸುದ್ದಿ ತಗೀಬ್ಯಾಡ, ಅಳತಾಳ ಅಂದ. ಅದಕ್ಕ ನಾ ಸುಮ್ಮ ಇದ್ನಿ.”

ಬಾಗಿಲಲ್ಲಿ ಅವನು ಮಗಳನ್ನು ಎತ್ತಿಕೊಂಡು ನಿಂತಿದ್ದ. ಒಂದೇ ಸೂರಿನಡಿ ಇದ್ದ ಎರಡು ಹೆಂಗಸರ ಬಾಯಿಗೆ ಅವನು ತನ್ನ ಮಾತು ತುರುಕಿದ್ದ. ನಾವಿಬ್ಬರೂ ಅದನ್ನು ನಂಬಿ, ಒಬ್ಬರಿಗೊಬ್ಬರು ಅಡ್ಡ ಮುಖ ಮಾಡಿಕೊಂಡು ತಿರುಗಿದ್ದೆವು.

“ಯಾಕಲೇ?” ಅಂದೆ. ಮದುವೆಯಾದ ಮೇಲೆ ಸಿಟ್ಟಿನಲ್ಲಿ ಹಾಗೆ ಕರೆದದ್ದು ಅದೇ ಮೊದಲು. ಅತ್ತೆ ತಡೆಯಲಿಲ್ಲ. ನನ್ನ ದನಿಗೆ ಮಗಳು ಬೆಚ್ಚಿ ಅವನ ಕೊರಳು ತಬ್ಬಿದಳು.

ಅವನು ಸುಳ್ಳು ಮುಂದುವರಿಸಲಿಲ್ಲ. ಹೊಸ್ತಿಲಲ್ಲೇ ಕುಸಿದು ಕೂತು ಹೇಳಿದ: “ಕೂಸಿನ್ನ ಕೈಯಾಗ ಕೊಟ್ಟರಲ್ಲ, ಅವತ್ತ ನನಗ ಆ ಟ್ರಾಲಿ ಕಣ್ಣಮುಂದ ಬಂತು. ನೀ ಬಿದ್ದದ್ದು, ಬಸ್ ಹೋದದ್ದು. ಆವಾಗ ಅದನ್ನ ನೆನಸಿ ಇಬ್ರೂ ನಕ್ಕಿದ್ವಿ, ಹೌದಿಲ್ಲ? ಕೂಸಿನ್ನ ಹಿಡಕೊಂಡ ಮ್ಯಾಲೆ ನಗು ಬರಲಿಲ್ಲ. ನೀ ಹೊಳ್ಳಿ ರಸ್ತೆಕ್ಕ ಹೋದಿ ಅಂದ್ರ ನಾ ಮನ್ಯಾಗ ಕುಂದ್ರಾಂಗಿಲ್ಲ, ಸಾಲಿಯಾಗ ನಿಂದ್ರಾಂಗಿಲ್ಲ. ಹೆದರಿದ್ನಿ. ಅಷ್ಟ.”

“ಹೆದರಿಕಿ ಆಗೇತಿ ಅಂತ ನನಗ ಹೇಳಬೇಕಾಗಿತ್ತು.”

“ಹೇಳಿದ್ರ ನೀ ಕೇಳತಿದ್ದೇನ?”

ಬಹುಶಃ ಕೇಳುತ್ತಿರಲಿಲ್ಲ. ಬಹುಶಃ ಕೇಳುತ್ತಿದ್ದೆ. ಬಾಣಂತಿ ಕೋಣೆಯಲ್ಲಿ ಟ್ರ್ಯಾಕ್ಟರಿನ ಸದ್ದಿಗೆ ಕೂಸನ್ನು ಅವುಚಿಕೊಂಡಿದ್ದವಳು ನಾನೇ. ಅವನು ಆ ಕೋಣೆಯ ಬಾಗಿಲಿಗೆ ಬಂದು ತನ್ನ ಭಯ ಹೇಳಿಕೊಂಡಿದ್ದರೆ, ನಾನೂ ನನ್ನದನ್ನು ಹೇಳಿಕೊಂಡು, ಇಬ್ಬರೂ ಅತ್ತು, ಕೊನೆಗೆ ನಾನೇ ಸರ್‌ಗೆ ಫೋನ್ ಹಚ್ಚಿ ಬೇಡವೆನ್ನುತ್ತಿದ್ದೆನೋ ಏನೋ. ಅದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಬಿಡುವುದಾಗಿದ್ದರೆ ನಾನು ಬಿಡಬೇಕಿತ್ತು. ನನ್ನ ಕೈಯಿಂದ ಬಿಡಿಸಿದ್ದೂ ಅಲ್ಲದೆ, ನಾನೇ ಬಿಟ್ಟೆನೆಂದು ಊರಿಗೆ ಹೇಳಿದ್ದ.

ಮರುದಿನ ಮಗಳನ್ನು ಎತ್ತಿಕೊಂಡು ಹುನ್ನೂರಿಗೆ ಹೋದೆ. ಅಲ್ಲಿ ಯಾರಿಗಾದರೂ ನನ್ನ ಹೊಟ್ಟೆಯ ಸಂಕಟ ತಿಳಿದೀತು ಎಂದುಕೊಂಡಿದ್ದೆ. ಅವ್ವ ಎಲ್ಲ ಕೇಳಿ, “ಇಷ್ಟಕ್ಕ ಗಂಡನ್ನ ಬಿಟ್ಟು ಬಂದೇನ? ಕುಡೀತಾನ? ಹೊಡೀತಾನ? ಕೂಸಿನ ಕುಂಡಿ ತೊಳೀತಾನ ಆ ಗಂಡಸು” ಅಂದಳು. ಪಡಸಾಲೆಯಲ್ಲಿ ಗಂಡ ಕೊಟ್ಟ ಮಾತನ್ನು ಅಪ್ಪನಾದರೂ ನೆನಪಿಸುತ್ತಾನೆಂದು ಕಾದೆ. “ಮಾಡಿದ ರೀತಿ ತಪ್ಪು. ಮಾಡಿದ್ದು ತಪ್ಪಲ್ಲ” ಎಂದು ಟವಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟ. ಅವನ ಬೆನ್ನು ನೋಡುತ್ತಾ ನನಗೆ ಅಳು ಬಂತು. ಗಂಡನ ಎದುರು ಬಂದಿರದ ಅಳು.

ವಾರ ಕಳೆದಿರಲಿಲ್ಲ, ಅತ್ತೆ ಬಸ್ಸಿಳಿದು ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಚೀಲ, ಅದರಲ್ಲಿ ಅವರ ಎರಡು ಸೀರೆ. ಕರೆದೊಯ್ಯಲು ಬಂದಿದ್ದಾರೆ ಎಂದು ಅವ್ವ ಚಹಾಕ್ಕಿಟ್ಟಳು. ಅತ್ತೆ ನೀರು ಕುಡಿದು, ಮಗಳನ್ನು ತೊಡೆಗೆ ಎಳೆದುಕೊಂಡು, ನನಗೆ ಹೇಳಿದರು:

“ನಾ ಇಲ್ಲೇ ಇರ್ತೇನಿ. ಕೂಸಿನ್ನ ನೋಡ್ಕೋತೇನಿ. ನೀ ಸೈಕಲ್ ಹೊಡಿ. ಬ್ಯಾಡ ಅನಿಸಿದ್ರ ನೀನ ಬ್ಯಾಡ ಅನ್ನು. ನಮ್ಮ ಮಾವನಿಂದ ಹಿಡದು ಎಲ್ಲಾರೂ ನನ್ನ ಕೇಳದನ, ನಾ ಬ್ಯಾಡ ಅಂದೆ ಅಂತ ಎಷ್ಟೋ ಹೇಳ್ಯಾರವಾ. ನನಗ ಆಮ್ಯಾಲೆ ಗೊತ್ತಾಗೂದು.”

ನಮ್ಮವ್ವ ಸೌಟು ಹಿಡಿದು ನಿಂತೇ ಇದ್ದಳು.

ಸೈಕಲ್ ಹೊಡೆದೆ. ಅಣ್ಣ ಮುಧೋಳದಿಂದ ನನ್ನ ಸೈಕಲ್ ತಂದುಕೊಟ್ಟ. ಟೈರುಗಳು ಸುಕ್ಕಾಗಿದ್ದವು. ತೊಡೆಗಳಲ್ಲಿ ಶಕ್ತಿ ಇರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದೆ ಹಾಲಿನಿಂದ ಬಿಗಿದು ಕುಪ್ಪಸ ಒದ್ದೆಯಾಗುತ್ತಿತ್ತು. ಆದರೂ ಕಾಲುಗಳು ದಿನದಿಂದ ದಿನಕ್ಕೆ ನೆನಪು ಮಾಡಿಕೊಂಡವು. ಚಳಿಗಾಲದಲ್ಲಿ ಬೀಳಗಿಯ ಕಡೆ ಒಂದು ಸಣ್ಣ ಮುಕ್ತ ಪಂದ್ಯವಿತ್ತು. ಹೆಸರು ಕೊಟ್ಟೆ. ಸರ್‌ಗೆ ಆಗ ಎಲ್ಲ ಹೇಳಿದ್ದೆ. ಅವರು ತಲೆ ತಗ್ಗಿಸಿ, “ನಿನ್ನ ಬಾಯಿಂದ ಕೇಳಬೇಕಾಗಿತ್ತು ನಾನು” ಅಂದರು. ಅಷ್ಟಾದರೂ ಅಂದವರು ಅವರೊಬ್ಬರೇ.

ಪಂದ್ಯದಲ್ಲಿ ಏರಿನವರೆಗೆ ಮುಂದಿನ ಗುಂಪಿನಲ್ಲೇ ಇದ್ದೆ. ಏರು ಮುಗಿದು ಇಳುಕಲು ಶುರುವಾಯಿತು. ಮೊದಲಾಗಿದ್ದರೆ ಅಲ್ಲಿ ನಾನು ಎದೆಯನ್ನು ಹ್ಯಾಂಡಲ್ಲಿಗೆ ಒತ್ತಿ, ಕಣ್ಣು ಕಿರಿದು ಮಾಡಿ ಬಿಟ್ಟುಬಿಡುತ್ತಿದ್ದೆ. ಅಂದು ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಬ್ರೇಕಿನ ಮೇಲೆ ಬಂದವು. ಬಿಡು, ಬಿಡು ಎಂದು ಒಳಗೇ ಕೂಗಿಕೊಂಡೆ. ಬೆರಳು ಕೇಳಲಿಲ್ಲ. ಚಿಕ್ಕ ಚಿಕ್ಕ ಹುಡುಗಿಯರು ಸುಯ್ಯೆಂದು ಪಕ್ಕದಿಂದ ಇಳಿದುಹೋದರು. ಕೆಳಗೆ ತಲುಪಿದಾಗ ನನ್ನ ಹಿಂದೆ ಬಹಳ ಜನ ಉಳಿದಿರಲಿಲ್ಲ. ಗಂಡ, ಗೆಳತಿ, ಅಪ್ಪ ಕೈಬಿಟ್ಟದ್ದು ಒಂದು. ಇದು ಇನ್ನೊಂದು. ನನ್ನ ಕೈಗಳೇ ನನ್ನ ಕಡೆ ಇರಲಿಲ್ಲ.

ಗಂಡ ಬಂದಿದ್ದ. ಕರೆದಿರಲಿಲ್ಲ. ಜನರಿಂದ ದೂರ ನಿಂತಿದ್ದವನು, ನಾನು ಹೆಲ್ಮೆಟ್ ತೆಗೆಯುತ್ತಿದ್ದಾಗ ಹತ್ತಿರ ಬಂದು ನೀರಿನ ಬಾಟಲಿ ಕೊಟ್ಟ. ಆಮೇಲೆ ಮೆಲ್ಲಗೆ, “ಬ್ರೇಕ್ ಹಿಡದಿ. ನೋಡಿದ್ನಿ. ನಿನಗೂ ಹೆದರಿಕಿ ಐತಿ. ನಾ ಮೊದಲ ತಿಳಕೊಂಡಿದ್ನಿ” ಅಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಸಮಾಧಾನ ಇತ್ತು. ಕೊನೆಗೂ ತಾನು ಸರಿ ಎಂದು ಗೊತ್ತಾದವನ ಸಮಾಧಾನ. ಬನಹಟ್ಟಿಯಲ್ಲಿ ಸರ್ ಹೇಳಿದ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ಚುಚ್ಚಿತು.

“ಹೆದರಿಕಿ ನಂದ್ರೀ. ಅದನ್ನ ಹೇಳೂದು ನನ್ನ ಕೆಲಸ” ಅಂದೆ. ಬಾಟಲಿ ಹೊಳ್ಳಿ ಅವನ ಕೈಯಲ್ಲಿಟ್ಟೆ.

ಕೆಲವು ದಿನಗಳಾದ ಮೇಲೆ ನಾನೇ ಸರ್ ಹತ್ತಿರ ಹೋಗಿ, ಪಂದ್ಯಗಳು ಸಾಕು ಎಂದು ಹೇಳಿ ಬಂದೆ. ಗಂಡನಿಗೆ ಮೊದಲೇ ತಿಳಿಸಲಿಲ್ಲ. ಅತ್ತೆಗೆ ತಿಳಿಸಿದ್ದೆ. ಮಗಳನ್ನು ಕರೆದುಕೊಂಡು, ಅತ್ತೆಯ ಜೊತೆ, ಮುಧೋಳಕ್ಕೆ ಮರಳಿದೆ. ಬೇರೆ ಇರುವ ಮನಸ್ಸು ಮಾಡಲಿಲ್ಲ ಯಾಕೆಂದು ಕೇಳಿದವರಿದ್ದಾರೆ. ಹುನ್ನೂರಿನಲ್ಲಿದ್ದಷ್ಟು ದಿನ ಮಗಳು ಅವನ ಎದೆ ಹುಡುಕುತ್ತಾ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂಬುದು ಒಂದು ಕಾರಣ. ಉಳಿದ ಕಾರಣಗಳು ನನಗೂ ಪೂರ್ತಿ ಗೊತ್ತಿಲ್ಲ.

ಗೆಳತಿ ಒಮ್ಮೆ ಬಂದಿದ್ದಳು. ಅವಳಿಗೆ ಆಟದ ಆಧಾರದ ಮೇಲೆ ಸರಕಾರಿ ನೌಕರಿ ಸಿಕ್ಕಿತ್ತು. ಪೇಢೆ ತಂದಿದ್ದಳು. ನಾನು ಚಹಾ ಮಾಡುವಾಗ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತಳು.

“ನನಗ ಗೊತ್ತಿತ್ತು. ಹೇಳಿದ್ರ ನೀ ಎದ್ದ ಬರತಿದ್ದಿ. ನೀ ಬಂದ್ರ ನಾ ಹೋಗತಿದ್ದಿಲ್ಲ. ನಮ್ಮ ಮನಿ ಪರಿಸ್ಥಿತಿ ನಿನಗ ಗೊತ್ತೈತಿ.”

“ಗೊತ್ತೈತಿ” ಅಂದೆ.

“ಒಂದ ಮಾತ ಬೈಯಿಲೇ ನನಗ.”

ಬೈಯಲು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಮಾಡಿದ್ದನ್ನು ಮಾಡುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಲಾರೆ. ಆದರೂ ಅವಳು ಹೋದ ಮೇಲೆ ಪೇಢೆಯನ್ನು ಓಣಿಯ ಮಕ್ಕಳಿಗೆ ಹಂಚಿದೆ. ಈಗ ಹಬ್ಬಕ್ಕೊಮ್ಮೆ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಹೂವಿನ ಚಿತ್ರ ಕಳಿಸುತ್ತೇವೆ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಾನು ಒಂದು ಪತ್ತಿನ ಸಂಘದಲ್ಲಿ ಕೆಲಸಕ್ಕಿದ್ದೇನೆ. ಸೂಟಿ ಇದ್ದಾಗ ಬೆಳಗ್ಗೆ ಸೈಕಲ್ ತೆಗೆಯುತ್ತೇನೆ, ಒಬ್ಬಳೇ. ಟ್ರಾಲಿ ಬಂದರೆ ರಸ್ತೆಯ ಅಂಚಿಗೆ ಸರಿದು ನಿಂತು ಹೋಗಲು ಬಿಡುತ್ತೇನೆ. ಗಂಡ ಒಳ್ಳೆಯ ತಂದೆ. ಅದನ್ನು ನಾನು ಯಾರ ಮುಂದೆಯೂ ಇಲ್ಲವೆನ್ನುವುದಿಲ್ಲ. ಮಗಳ ಜಡೆ ನನಗಿಂತ ಚೆನ್ನಾಗಿ ಹಾಕುತ್ತಾನೆ. ಅವಳಿಗೆ ಜ್ವರ ಬಂದರೆ ನಾನು ನಿದ್ದೆ ಹೋದರೂ ಅವನು ಹೋಗುವುದಿಲ್ಲ. ನಾವು ನಗುವುದೂ ಉಂಟು. ಆದರೆ ಅವನು 'ಅವರು ಹಿಂಗಂದ್ರು' ಎಂದು ಯಾರ ಮಾತನ್ನಾದರೂ ತಂದು ಹೇಳಿದರೆ, ನಾನು ಹೂಂಗುಟ್ಟಿ, ಆಮೇಲೆ ಅವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಎಣ್ಣೆ ಅಂಗಡಿಯವ ನಾಳೆ ಬಾ ಅಂದನೆಂಬಂಥ ಮಾತಾದರೂ ಸರಿಯೇ. ಅವನಿಗೂ ಇದು ಗೊತ್ತು. ಅವನು ತಪ್ಪಾಯಿತೆಂದು ಇದುವರೆಗೆ ಹೇಳಿಲ್ಲ. ಹೆದರಿದ್ನಿ ಅಂದದ್ದೇ ಅದು ಎಂದುಕೊಂಡಿದ್ದಾನೋ ಏನೋ.

ಮೊನ್ನೆ ರವಿವಾರ ಮಧ್ಯಾಹ್ನ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಬದನೆಕಾಯಿ ಪಲ್ಯ ತಿರುವುತ್ತಿದ್ದೆ. ಹೊರಗೆ ಅವನು ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಅತ್ತೆ ಇದ್ದಕ್ಕಿದ್ದಂತೆ, ಕೈ ನಿಲ್ಲಿಸದೆ ಕೇಳಿದರು.

“ಅವನ್ನ ಮನಸಿನ್ಯಾಗ ಮಾಫ್ ಮಾಡಿಯೇನ್ ತಂಗಿ?”

“ಇಲ್ರಿ ಅತ್ತಿ.”

“ಮಾಡಬ್ಯಾಡ ಬಿಡು” ಎಂದು ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. “ಊಟಕ್ಕ ಕರಿ. ಬಿಸಿ ರೊಟ್ಟಿ ಆರಾಕತ್ತಾವ.”

ಕರೆದೆ. ಮಗಳು ಮೊದಲು ಓಡಿ ಬಂದಳು. ಅವನು ಹಿತ್ತಲಲ್ಲಿ ಕೈ ತೊಳೆದುಕೊಂಡು, ಅವಳ ಕೈಯನ್ನೂ ತೊಳೆಸಿ, ತನ್ನ ತಾಟಿನ ಮುಂದೆ ಬಂದು ಕೂತ.